ಬಸವಣ್ಣನ ಕೊರಳ ತನಕ ನೀರು

ಮಾನ್ವಿ
೧೩ ಫೆಬ್ರುವರಿ ೨೦೨೫, ಗುರುವಾರ

ಪ್ರೀತಿಯ ತಮ್ಮ ಯಲ್ಲಾಲಿಂಗನಿಗೆ ನಿನ್ನ ಅಕ್ಕ ಅಂಬಿಕಾ ಮಾಡುವ ಆಶೀರ್ವಾದಗಳು.

ಹೇಗಿದ್ದೀಯ? ಬಲ ಭುಜದ ನೋವು ಕಡಿಮೆಯಾಯಿತೇ? ರಾತ್ರಿ ನಿದ್ದೆ ಬರುತ್ತದೆಯೇ? ಜೈಲಿನ ಊಟ ಒಗ್ಗಿತೋ ಇಲ್ಲವೋ ಅದೂ ನನಗೆ ಗೊತ್ತಿಲ್ಲ. ಎರಡು ಸಲ ರಾಯಚೂರಿಗೆ ಬಂದು, ಭೇಟಿಯ ಕಿಟಕಿಯ ಮುಂದೆ ನಿಂತು, "ನಿಮ್ಮ ತಮ್ಮ ಬರೂದಿಲ್ಲಂತ್ರೀ ಮೇಡಂ" ಅಂತ ಅನ್ನಿಸಿಕೊಂಡು ತಿರುಗಿ ಹೋದವಳು ನಾನು. ಎರಡನೇ ಸಲ ಸಜ್ಜೆ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಬಂದಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಕೂತು ಸಿಟ್ಟಿನಿಂದ ನಾನೇ ತಿಂದು ಮುಗಿಸಿದೆ. ಜಾಮೀನು ಬೇಡ, ವಕೀಲರು ಬೇಡ, ಮನೆಯವರ ಮುಖವೂ ಬೇಡ ಅಂತ ಕೂತವನಿಗೆ ಕಾಗದವಾದರೂ ಬೇಕೋ ಬೇಡವೋ. ನಿನ್ನ ಕೈಗೆ ಕೊಡುವ ಮುಂಚೆ ಅಲ್ಲಿನ ಸಾಹೇಬರು ಓದುತ್ತಾರಂತೆ. ನೀನು ಓದದಿದ್ದರೆ ಅವರಾದರೂ ಓದಲಿ.

ಮನೆಯ ಸುದ್ದಿ ಹೇಳುತ್ತೇನೆ. ಅವ್ವ ಅರಾಮ ಇದ್ದಾಳೆ ಅಂತ ಬರೆದರೆ ನೀನು ನಂಬುವುದಿಲ್ಲ, ಆದ್ದರಿಂದ ಬರೆಯುವುದಿಲ್ಲ. ನೀರಮಾನ್ವಿ ಎಲ್ಲಮ್ಮನಿಗೆ ನಿನ್ನ ಹೆಸರಿನಲ್ಲಿ ಹರಕೆ ಹೊತ್ತು ಚಪ್ಪಲಿ ಬಿಟ್ಟಿದ್ದಾಳೆ. ಹಿಮ್ಮಡಿ ಒಡೆದು ರಕ್ತ ಬಂದರೂ ಕೇಳುವುದಿಲ್ಲ, "ನನ್ನ ಮಗ ಮನಿಗಿ ಬರೂತನಕಾ ಹಾಕ್ಕೊಳ್ಳೂದಿಲ್ಲ" ಅನ್ನುತ್ತಾಳೆ. ಮಗನಿಗೋ ಜಾಮೀನೇ ಬೇಡ. ನಿಮ್ಮಿಬ್ಬರ ಹಟದ ನಡುವೆ ನಾನು ಭಾನುವಾರ ಭಾನುವಾರ ಊರಿಗೆ ಹೋಗಿ ಅವಳ ಕಾಲಿಗೆ ಮುಲಾಮು ಹಚ್ಚಿ ಬರುತ್ತೇನೆ. ನಿನ್ನ ಕಯಾಕ್ ದೋಣಿಗಳು ಕೊಟ್ಟಿಗೆಯಲ್ಲಿವೆ. ಪೊಲೀಸರು ಒಯ್ದದ್ದು ಕೆಂಪು ಒಂದನ್ನು ಮಾತ್ರ. ಹಳದಿಯದರಲ್ಲಿ ಕೂರುವ ಗುಣಿಯಿದೆಯಲ್ಲ, ಅಲ್ಲಿ ಕೋಳಿ ಕಾವಿಗೆ ಕೂತಿದೆ. ಅವನ್ನು ಮೊದಲ ಸಲ ಗಾಡಿಯಿಂದ ಇಳಿಸಿದ ದಿನ ಅಪ್ಪ ಸುತ್ತು ಬಂದು, "ಇದೇನಲೇ ಸೌತಿಕಾಯಿ, ಇದರಾಗ ಕುಂಡಿ ಇಡಾಕ ಜಾಗಾ ಎಲ್ಲದ?" ಅಂದದ್ದು ನೆನಪಿದೆಯಾ? ಜನ್ಮವೆಲ್ಲ ಪುಟ್ಟಿಯಲ್ಲಿ, ಬುಟ್ಟಿಯಂಥ ಆ ಹರಿಗೋಲಿನಲ್ಲಿ, ಹುಟ್ಟು ಹಾಕಿ ಕೃಷ್ಣೆಯ ಆಚೆ ದಂಡೆಗೆ ಜನರನ್ನು ದಾಟಿಸಿದವನು. ಸೇತುವೆ ಆದ ಮೇಲೆ ಕೈಕಟ್ಟಿ ಕೂತಿದ್ದ. ನೀನು ರಾಯಚೂರಿನ ಡಾಕ್ಟರುಗಳನ್ನು, ಕಾಲೇಜು ಹುಡುಗರನ್ನು ಕರೆತಂದು, ಬಂಡೆಗಳ ನಡುವೆ ಕಯಾಕ್ ನಡೆಸಲು ಕಲಿಸಿ, ನಡುಗಡ್ಡೆಯಲ್ಲಿ ನೀರುನಾಯಿ ತೋರಿಸಿ, ಅವ್ವನ ಕೈಯ ರೊಟ್ಟಿ ಉಣಿಸಿ ಕಳಿಸತೊಡಗಿದ ಮೇಲೆ ಅವನಿಗೆ ಮತ್ತೆ ಹೊಳೆಯಲ್ಲಿ ಕೆಲಸ ಸಿಕ್ಕಿತು. ನೀರು ನೋಡಿ ಹೇಳುವ ಕೆಲಸ. ಆ ವರ್ಷ ನಮ್ಮ ಮನೆಯಲ್ಲಿ ಎಲ್ಲರೂ ಸ್ವಲ್ಪ ದಪ್ಪಗಾಗಿದ್ದೆವು.

ನೀರು ನೋಡುವುದೆಂದರೆ ನಮ್ಮಲ್ಲಿ ಬಸವಣ್ಣನನ್ನು ನೋಡುವುದು. ದಂಡೆಯ ಹಾಸುಬಂಡೆಯ ಮೇಲೆ ಕೂತ ಕರುವಿನ ಗಾತ್ರದ ಆ ಕಲ್ಲಿನ ಬಸವಣ್ಣನ ಮುಂದೆ ನಿಲ್ಲಿಸಿ ಅಪ್ಪ ಚಿಕ್ಕಂದಿನಲ್ಲಿ ನಮ್ಮಿಬ್ಬರಿಗೂ ಬಾಯಿಪಾಠ ಮಾಡಿಸಿದ್ದ: "ನೀರು ಬಸವಣ್ಣನ ಪಾದಕ್ಕ ಬಂದ್ರ ಪುಟ್ಟಿ ತುಂಬ ಮಂದಿ. ಹೊಟ್ಟಿಗಿ ಬಂದ್ರ ಅರ್ಧ ಮಂದಿ. ಕೊರಳಿನ ಗಂಗೆದೊಗಲು ತೊಯ್ತಂದ್ರ, ಹೆಣ ದಾಟ್ಸೂದಿದ್ರೂ ಪುಟ್ಟಿ ಇಳಿಸಬ್ಯಾಡ." ಮಗ್ಗಿ ತಪ್ಪಿದರೂ ನಾವು ಇದನ್ನು ತಪ್ಪುತ್ತಿರಲಿಲ್ಲ.

ಆಗಸ್ಟಿನ ಆ ಬೆಳಿಗ್ಗೆ ನಾನು ಅಲ್ಲಿರಲಿಲ್ಲ, ಮಾನ್ವಿಯಲ್ಲಿ ಮಕ್ಕಳಿಗೆ ಪಾಠ ಮಾಡುತ್ತಿದ್ದೆ. ಕೇಳಿದ್ದನ್ನು ಬರೆಯುತ್ತೇನೆ, ತಪ್ಪಿದ್ದರೆ ತಿದ್ದು. ಮೇಲಿನ ಡ್ಯಾಮಿನಿಂದ ನೀರು ಬಿಟ್ಟಿದ್ದಾರೆ, ಹೊಳೆಗೆ ಇಳಿಯಬೇಡಿ ಅಂತ ಹಿಂದಿನ ಸಂಜೆ ಆಟೋಕ್ಕೆ ಮೈಕ್ ಕಟ್ಟಿಕೊಂಡು ಕೂಗಿ ಹೋಗಿದ್ದರು. ಪ್ರತಿ ಮಳೆಗಾಲಕ್ಕೂ ಕೂಗುತ್ತಾರೆ, ಎಷ್ಟೋ ಸಲ ಹೇಳಿದಷ್ಟು ನೀರು ಬರುವುದಿಲ್ಲ. ನೀನು ದಂಡೆಗೆ ಹೋಗಿ ನೋಡಿದೆ. ನೀರು ಬಸವಣ್ಣನ ಹೊಟ್ಟೆಗೆ ಬಂದಿತ್ತು, ಕೊರಳು ಒಣಗಿತ್ತು. ಮೇಲೆ ನಿಂತಿದ್ದ ಅಪ್ಪನೂ "ಅರ್ಧ ಮಂದಿ ಸಾಕು" ಅಂದ. ಅವತ್ತು ಕಯಾಕ್ ನಡೆಸಲು ಬಂದಿದ್ದವರಲ್ಲಿ ಅರ್ಧ ಜನರನ್ನು ದಂಡೆಯಲ್ಲೇ ಕೂರಿಸಿ ಉಳಿದವರನ್ನು ಇಳಿಸಿದೆ. ಸಿರವಾರದ ಅಕ್ಕಿ ಗಿರಣಿಯವರ ಮಗ ಚನ್ನವೀರ, ಇಂಜಿನಿಯರಿಂಗ್ ಓದುವ ಹುಡುಗ, ಕೆಂಪು ಕಯಾಕ್‌ನಲ್ಲಿ ಎಲ್ಲರಿಗಿಂತ ಹಿಂದೆ ಇದ್ದ. ಬಂಡೆಗಳ ತಿರುವಿನಲ್ಲಿ ಸೆಳವು ಅವನನ್ನು ಮುಳುಗಿದ್ದ ಜಾಲಿಗಿಡದೊಳಗೆ ನೂಕಿತು. ತೇಲಿಸಬೇಕಾದ ಜಾಕೆಟ್ಟೇ ಕೊಂಬೆಗೆ ಸಿಕ್ಕಿಕೊಂಡಿತು. ನೀನು ಮತ್ತೆ ಮತ್ತೆ ಮುಳುಗಿ, ಭುಜದ ಕೀಲು ತಪ್ಪಿಸಿಕೊಂಡು, ಕೊನೆಗೆ ಎಳೆದು ತಂದದ್ದು ಹೆಣ. ಅವತ್ತಿನಿಂದ ನಿನ್ನದು ಒಂದೇ ಮಾತು, "ನೀರು ನೋಡಾಕ ಬರಲಿಲ್ಲ ನನಗ." ಪೊಲೀಸರಿಗೂ ಅದನ್ನೇ ಹೇಳಿದೆ. ಬರುವ ತಿಂಗಳು ದೇವದುರ್ಗದ ಕೋರ್ಟಿನಲ್ಲಿ ಪೂರ್ತಿ ತಪ್ಪು ನನ್ನದೇ ಅಂತ ಒಪ್ಪಿಕೊಂಡು ಕೊಟ್ಟಷ್ಟು ಶಿಕ್ಷೆ ತೆಗೆದುಕೊಳ್ಳುತ್ತೇನೆ ಅಂದೆಯಂತೆ.

ಇನ್ನು ನಾನು ಹೇಳಬೇಕಾದದ್ದು. ಹೋದ ಭಾನುವಾರ ಅವ್ವನ ಸೀರೆ ಒಗೆಯಲು ಹೊಳೆಗೆ ಹೋದೆ. ನೀರು ಪೂರ್ತಿ ಇಳಿದು ಬಂಡೆಗಳೆಲ್ಲ ಬಿಸಿಲಿಗೆ ಬಿದ್ದಿವೆ. ಒಗೆದ ಸೀರೆಯನ್ನು ಬಸವಣ್ಣನ ಬೆನ್ನ ಮೇಲೆ ಹಾಕುವುದು ನನ್ನ ಹಳೆಯ ಅಭ್ಯಾಸ, ಅಪ್ಪ ಬೈದರೂ ಬಿಟ್ಟಿಲ್ಲ. ಮೊದಲು ಆ ಬೆನ್ನು ನನ್ನ ಸೊಂಟಕ್ಕೆ ಬರುತ್ತಿತ್ತು. ಈ ಸಲ ಸೀರೆ ಹಾಕಲು ಕೈ ಮೇಲೆತ್ತಬೇಕಾಯಿತು. ಬಗ್ಗಿ ನೋಡಿದರೆ ಬಸವಣ್ಣನ ಕೆಳಗೆ ಸಿಮೆಂಟಿನ ಕಟ್ಟೆ, ನನ್ನ ತೊಡೆಯಷ್ಟು ಎತ್ತರ, ಕೆಸರು ಒಣಗಿ ಬಂಡೆಯ ಬಣ್ಣಕ್ಕೇ ಬಂದಿದೆ. ನೀನು ಹೋದ ಬೇಸಿಗೆಯಲ್ಲಿ ಕಾರವಾರದ ಕಡೆ ತರಬೇತಿಗೆ ಹೋಗಿದ್ದಾಗ ಅಪ್ಪ ಫೋನಿನಲ್ಲಿ "ಬಸವಣ್ಣಗ ಕಟ್ಟಿ ಕಟ್ಟಿಸೇನಿ" ಅಂದದ್ದು, ನೀನೂ ನಾನೂ ಚಲೋ ಆಯಿತು ಅಂದದ್ದು ಆಗ ನೆನಪಾಯಿತು. ನಿನ್ನ ಕೆಲಸ ಕೈಹತ್ತಿದರೆ ಮಾಡಿಸುತ್ತೇನೆ ಅಂತ ಹೊತ್ತ ಹರಕೆ ಅದು. ದೇವರು ವರ್ಷಾ ವರ್ಷಾ ಮುಳುಗಬಾರದು ಅಂತ ಊರ ಮಂದಿಯನ್ನು ಕೂಡಿಸಿ, ಹಗ್ಗ ಹಾಕಿ ಎತ್ತಿ, ಕಾಯಿ ಒಡೆದು ಕೂರಿಸಿದ್ದಾರೆ. ಎಷ್ಟು ಎತ್ತರ ಅಂತ ನಾವು ಕೇಳಲಿಲ್ಲ. ನೀನು ತಿರುಗಿ ಬರುವ ಹೊತ್ತಿಗೆ ಹೊಳೆ ಬಂದು ಕಟ್ಟೆ ಮುಳುಗಿತ್ತು. ಅವತ್ತು ಹೊಟ್ಟೆಗೆ ಬಂದಂತೆ ಕಂಡ ನೀರು, ಬಸವಣ್ಣ ಹಳೆಯ ಜಾಗದಲ್ಲೇ ಇದ್ದಿದ್ದರೆ ಕೊರಳು ದಾಟಿರುತ್ತಿತ್ತು. ನಾನು ಒದ್ದೆ ಸೀರೆ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ.

ಅಪ್ಪ ಆಗಸ್ಟಿನಿಂದ ವಿಭೂತಿ ಹಚ್ಚಿಲ್ಲ. ಹೊಳೆಗೆ ಬೆನ್ನು ಮಾಡಿ ಕೂಡುತ್ತಾನೆ. ಮಗನ ಚಿಂತೆ ಅಂದುಕೊಂಡಿದ್ದೆವು. ಮನೆಗೆ ಬಂದು ಅವನ ಮುಂದೆ ಕೈಯನ್ನು ತೊಡೆಯ ಹತ್ತಿರ ಹಿಡಿದು ಇಷ್ಟು ಎತ್ತರ ಅಂತ ತೋರಿಸಿದೆ. ಅವನು ತಲೆ ತಗ್ಗಿಸಿದ. "ಆ ಹುಡುಗನ್ನ ತಂದು ದಂಡಿ ಮ್ಯಾಲ ಮಲಗಿಸಿದಾಗನ ತಿಳೀತವ್ವಾ. ಹೇಳಾಕ ಬಾಯಿ ಬರಲಿಲ್ಲ. ಈಗ ಹೇಳಿದ್ರ ಯಲ್ಲಾ ನನ್ನ ಮಾರಿ ನೋಡ್ತಾನೇನು?" ಅಂದ. ಅವನ ಮೇಲೆ ಬಂದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಕಟ್ಟೆಗಾಗಿ ಅಲ್ಲ, ಭಕ್ತಿಯಿಂದ ಮಾಡಿದ್ದು. ನೀನು ಒಳಗೆ ಕೊಳೆಯುತ್ತಿರುವಾಗ ಆರು ತಿಂಗಳು ಬಾಯಿ ಮುಚ್ಚಿಕೊಂಡಿದ್ದನಲ್ಲ, ಅದಕ್ಕೆ. ಮರುಕ್ಷಣವೇ ಅನ್ನ ಕಲಸಿ ಅವನ ಮುಂದಿಟ್ಟವಳೂ ನಾನೇ.

ವಕೀಲರಾದ ವಾಹಿದಾ ಮೇಡಂ ಅವರಿಗೆ ಎಲ್ಲ ಹೇಳಿದೆ. "ಕಲ್ಲಿನ ಮಾತು ಕೇಳಿದ್ರಿ, ಮೈಕಿನ ಮಾತು ಯಾಕ ಕೇಳಲಿಲ್ಲ ಅಂತ ಜಡ್ಜ್ ಸಾಹೇಬ್ರು ಕೇಳ್ತಾರ್ರೀ" ಅಂದರು. ಸರಿಯಾಗಿಯೇ ಅಂದರು. ನಿನ್ನದೇನೂ ತಪ್ಪಿಲ್ಲ ಅಂತ ಬರೆಯಲು ನಾನು ಕೂತಿಲ್ಲ. ಕಟ್ಟೆಯ ಕಥೆ ಹೇಳಿದರೆ ಚನ್ನವೀರನ ತಾಯಿ ವಿಜಯಲಕ್ಷ್ಮಿಯವರಿಗೆ ಮಗ ತಿರುಗಿ ಬರುವುದೂ ಇಲ್ಲ. ಆದರೆ ನೀರು ನೋಡಲು ಬರಲಿಲ್ಲ ಅನ್ನುವುದು ಸುಳ್ಳು ಕಣೋ. ಅಪ್ಪ ಕಲಿಸಿದ ಹಾಗೆಯೇ ನೋಡಿದೆ, ಬಸವಣ್ಣ ಇರಬೇಕಾದ ಜಾಗದಲ್ಲಿ ಇರಲಿಲ್ಲ. ಆ ಹುಡುಗನ ಸಾವಿನಲ್ಲಿ ನಿನ್ನ ಪಾಲು ಎಷ್ಟೋ ಅಷ್ಟು ಹೊತ್ತುಕೋ. ಉಳಿದದ್ದನ್ನು ನಮಗೆ ಬಿಡು. ಜಾಮೀನಿನ ಕಾಗದಕ್ಕೆ ಸಹಿ ಹಾಕು, ಕೋರ್ಟಿನಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳು.

ಭುಜವನ್ನು ದಿನಾ ಸ್ವಲ್ಪ ಬಿಸಿಲಿಗೆ ಒಡ್ಡು. ಹೊಟ್ಟೆ ತುಂಬ ಉಣ್ಣು. ಅವ್ವ ನಿನ್ನ ತಲೆ ಸವರಿದಳು ಅಂತ ಬರೆಯಲು ಹೇಳಿದ್ದಾಳೆ. ಎಲ್ಲಮ್ಮ ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ಅಂಬಿಕಾ

ತಾ.ಕ.: ಇದನ್ನು ಅಂಚೆಗೆ ಹಾಕುವ ಮೊದಲೇ ಅಪ್ಪ ಮಾನ್ವಿಗೆ ಬಂದಿಳಿದ. ನಾಳೆ ಮೊದಲ ಬಸ್ಸಿಗೆ ರಾಯಚೂರಿಗೆ ಹೋಗಿ ಕಾಗದವನ್ನು ತಾನೇ ಕೊಡುತ್ತಾನಂತೆ. ಓದಲು ಬಾರದವನ ಕೈಯಲ್ಲಿ ಅವನ ಮೇಲಿನ ಮಾತನ್ನೇ ಮುಚ್ಚಿ ಕಳಿಸಲು ಮನಸ್ಸಾಗಲಿಲ್ಲ, ಮೊದಲಿನಿಂದ ಕೊನೆಯ ತನಕ ಓದಿ ಹೇಳಿದೆ. ಒಂದಕ್ಷರವನ್ನೂ ತೆಗೆ ಅನ್ನಲಿಲ್ಲ. "ಖರೇ ಬರದೀದಿ" ಅಂದ, ಅಷ್ಟೇ. ನಿನ್ನನ್ನು ಕಂಡ ಮೇಲೆ ಅಲ್ಲಿಂದಲೇ ಸಿರವಾರದ ಬಸ್ಸು ಹತ್ತಿ, ವಿಜಯಲಕ್ಷ್ಮಿಯವರ ಬಾಗಿಲಿಗೆ ಹೋಗಿ, ಬಸವಣ್ಣನನ್ನು ಎತ್ತಿದವನು ನಾನು ಅಂತ ಹೇಳುತ್ತಾನಂತೆ. ಜೊತೆಗೆ ಬರುತ್ತೇನೆ ಅಂದರೆ ಬೇಡ ಅಂದ. ಆ ಮನೆಯಲ್ಲಿ ಅವನನ್ನು ಏನು ಮಾಡುತ್ತಾರೋ, ಅಲ್ಲಿಂದ ಅವನು ಎಲ್ಲಿಗೆ ಹೋಗುತ್ತಾನೋ ನನಗೆ ಗೊತ್ತಿಲ್ಲ, ಹೆದರಿಕೆಯಾಗಿದೆ. ನೀನು ಇದನ್ನು ಓದುವಾಗ ಅವನು ಕಿಟಕಿಯ ಆಚೆ ನಿಂತಿರುತ್ತಾನೆ. ಈ ಸಲ ಬರುವುದಿಲ್ಲ ಅನ್ನಬೇಡ ಯಲ್ಲಾ. ಎದ್ದು ಬಾ, ಅವನ ಮಾರಿ ನೋಡು.