ಎರಡು ಬೆರಳಿನ ಕೋಳಿ

ನವೆಂಬರ್ 4, ಬೆಳಿಗ್ಗೆ 7
ಇವತ್ತೂ ಮೊಟ್ಟೆ ಇಲ್ಲ. ಆರು ನಾಟಿ ಕೋಳಿ, ಆರೂ ಸೋಮಾರಿಗಳು. ಮೂರು ಕಾವಿಗೆ ಕೂತಿವೆ, ಉಳಿದವು ತಿಂದುಕೊಂಡು ಆರಾಮಾಗಿವೆ. ಸೊರಬದ ಡಾಕ್ಟರಮ್ಮ ದಿನಕ್ಕೊಂದು ಮೊಟ್ಟೆ ತಿನ್ನಲೇಬೇಕು ಅಂದಿದ್ದಾರೆ. ರಕ್ತ ಕಮ್ಮಿ. ಅಂಗಡಿ ಮೊಟ್ಟೆ ವಾಸನೆಗೇ ವಾಂತಿ. ನಾಲ್ಕು ತಿಂಗಳು ತುಂಬಿತು. ಎರಡು ಸಲ ಕಳೆದುಕೊಂಡವಳು ನಾನು. ಈ ಸಲ ಡಾಕ್ಟರ ಒಂದು ಮಾತನ್ನೂ ಮೀರುವುದಿಲ್ಲ.

ನವೆಂಬರ್ 6
ಪಶು ಆಸ್ಪತ್ರೆಯ ಮಾಲತೇಶ್ ಸಿಕ್ಕಿದ್ದರು. ಗಿರಿರಾಜ ಕೋಳಿ ತರಲಾ ಅಂತ ಕೇಳಿದೆ.
"ಅದು ತೂಕ ಚೆನ್ನಾಗ್ ಬರ್ತದೆ ಕಣಮ್ಮ. ಮೊಟ್ಟೆಗಾದ್ರೆ ಸ್ವರ್ಣಧಾರ ತಗಳಿ. ಹಿತ್ಲಲ್ಲೇ ಮೇಯ್ಕಂಡಿರ್ತವೆ. ಕಾವಿಗೆ ಕೂರದು ಮಾತ್ರ ಕಮ್ಮಿ."
ಕೂರದಿದ್ದರೆ ಒಳ್ಳೆಯದೇ! ಪರೀಕ್ಷೆ ಮಾಡುವುದನ್ನೂ ಹೇಳಿಕೊಟ್ಟರು. ಕೋಳಿಯ ಹಿಂಭಾಗದ ಎರಡು ಎಲುಬಿನ ನಡುವೆ ಎರಡು ಬೆರಳು ಹಿಡಿದರೆ ಮೊಟ್ಟೆ ಇಡುತ್ತಿದೆ ಅಂತ. ಒಂದೇ ಹಿಡಿದರೆ ಇಲ್ಲ. ಮನೆಗೆ ಬಂದು ಅತ್ತೆಗೂ ತೋರಿಸಿದೆ. ನಕ್ಕರು.

ನವೆಂಬರ್ 9, ಭಾನುವಾರ
ಅತ್ತೆ ಶಿಕಾರಿಪುರಕ್ಕೆ, ಮಗಳ ಮನೆಗೆ ಹೋಗಿದ್ದಾರೆ. ಇದ್ದಿದ್ದರೆ ಬಿಡುತ್ತಿರಲಿಲ್ಲ. ಬೈಕಿನ ಕೋಳಿ ವ್ಯಾಪಾರಿಗೆ ಆರನ್ನೂ ಕೊಟ್ಟುಬಿಟ್ಟೆ. ಕರಿ ಕೋಳಿಯ ಕಾಲಲ್ಲಿ ಅರಿಶಿನ ದಾರ ಇತ್ತು. ಗುರುತಿಗೆ ಕಟ್ಟಿದ್ದಿರಬೇಕು... ನಾನೇ ಕತ್ತರಿಸಿದೆ.
ಸಂಜೆ ನಮ್ಮ ಮನೆಯವರು ಆನವಟ್ಟಿಯಿಂದ ಐದು ಸ್ವರ್ಣಧಾರ ತಂದರು. ಇನ್ನೇನು ಮೊಟ್ಟೆಗೆ ಬರುವ ವಯಸ್ಸಿನವು. ಖುಷಿ.

ನವೆಂಬರ್ 12
ಅತ್ತೆ ಬಂದವರೇ ಹಿತ್ತಲಿಗೆ ಹೋದರು.
"ಕರೇದು ಎಲ್ಲೇ ಧನಾ?"
ಹೇಳಿದೆ. ಬಾವಿಕಟ್ಟೆ ಮೇಲೆ ಕೂತುಬಿಟ್ಟರು.
"ಅದು ಚೌಡಮ್ಮಂದು ಕಣೆ. ನಿನ್ನ ಹೊಟ್ಟೇಲಿರಾದು ಉಳೀಲಿ ಅಂತ ಬಿಟ್ಟಿದ್ದೆ."
ಹರಕೆ ಬಾಯಿಬಿಟ್ಟು ಹೇಳಿದರೆ ಫಲ ಇಲ್ಲವಂತೆ. ಅದಕ್ಕೇ ಯಾರಿಗೂ ಹೇಳಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ನವೆಂಬರ್ 24
ಅತ್ತೆ ಎರಡು ಸಲ ಆ ವ್ಯಾಪಾರಿಯನ್ನು ಹುಡುಕಿಕೊಂಡು ಹೋದರು. ಅವತ್ತೇ ಕೊಯ್ದಾಯ್ತು ಅಂದನಂತೆ.
ಹೊಸ ಕೋಳಿಗಳು ಮೊಟ್ಟೆ ಇಡಲು ಶುರುಮಾಡಿವೆ. ಒಂದು ಬೇಯಿಸಿದೆ, ತಿನ್ನದೆ ಹಾಗೇ ಮುಚ್ಚಿಟ್ಟೆ. ಇಷ್ಟು ಹೊತ್ತಿಗೆ ಮಗು ಮಿಸುಕಾಡುವುದು ತಿಳಿಯಬೇಕು, ಇನ್ನೊಂದು ವಾರ ನೋಡೋಣ ಅಂದರು ಡಾಕ್ಟರಮ್ಮ. ಏನೂ ತಿಳಿಯುತ್ತಿಲ್ಲ. ಇದನ್ನೆಲ್ಲ ನಂಬದವಳು ನಾನು. ಆದರೂ ಭಯ. ಆ ಕತ್ತರಿ ನೋಡಿದರೂ ಭಯ.

ನವೆಂಬರ್ 27
"ಎಲ್ಲಕ್ಕಿಂತ ಚೆಂದ ಮೊಟ್ಟೆ ಇಡಾದು ಯಾವ್ದೇ? ಚೌಡಮ್ಮಂಗೆ ಬದಲಿ ಬಿಡ್ಬೇಕು" ಅಂದರು ಅತ್ತೆ.
ಜುಟ್ಟು ಸೊಟ್ಟಗಿರುವುದನ್ನು ತೋರಿಸಿದೆ. ಇವತ್ತಿನವರೆಗೆ ಒಂದೂ ಇಟ್ಟಿಲ್ಲ ಅದು. ಯಾಕೆ ಹಾಗೆ ಮಾಡಿದೆ? ಮೊಟ್ಟೆ ಇಡುವುದನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ, ಅಷ್ಟೇ. ಅತ್ತೆ ಅದನ್ನು ಎತ್ತಿ ಸವರಿದರು, ಬಾಲದವರೆಗೂ ಕೈಯಾಡಿಸಿದರು, ಆಮೇಲೆ ದಾರ ಕಟ್ಟಿ ಕೈ ಮುಗಿದರು.

ಡಿಸೆಂಬರ್ 2, ಸಂಜೆ 4
ಇನ್ನೂ ಮಿಸುಕಾಟ ಇಲ್ಲ. ನಾಳೆ ಸ್ಕ್ಯಾನಿಂಗ್. ತಡೆಯಲಾಗಲಿಲ್ಲ, ಅತ್ತೆಯ ಹತ್ತಿರ ಹೋಗಿ ಅತ್ತುಬಿಟ್ಟೆ. ನಿಮಗೆ ಸುಳ್ಳು ಹೇಳಿದ್ದೆ, ಆ ಕೋಳಿ ಮೊಟ್ಟೇನೇ ಇಡಲ್ಲ ಅಂದೆ.
"ಗೊತ್ತು. ದಾರ ಕಟ್ಟಾಗಲೇ ಬೆರಳಿಟ್ಟು ನೋಡ್ದೆ. ಒಂದೇ ಬೆರಳು."
"ಮತ್ತೆ ಯಾಕೆ ಸುಮ್ನಿದ್ರಿ?"
"ನಿಂಗೆ ದಿನಾ ಮೊಟ್ಟೆ ಬೇಕಲ್ಲೇ. ಚೌಡಮ್ಮನ ಹತ್ರ ನಾ ಮಾತಾಡ್ಕತೀನಿ. ನೀ ತಿನ್ನು."
ಬಿಸಿ ಮೊಟ್ಟೆ ಸುಲಿದು ಕೈಗೆ ಕೊಟ್ಟರು. ಪೂರ್ತಿ ತಿಂದೆ.

4.40
ಎಡಗಡೆ ಏನೋ ಸಣ್ಣಗೆ... ಗ್ಯಾಸ್ ಇರಬಹುದು. ಸುಮ್ಮನೆ ಆಸೆ ಪಡಬಾರದು. ಅಲ್ಲ, ಮತ್ತೆ — ಅತ್ತೇನ ಕರೀಬೇಕು —