ಸೋಮವಾರದ ಸೀಸೆ

ಗ್ರೇಲಿಂಗ್ ಕೊಲ್ಲಿ, ಆರೆಗನ್
೧೯ ಜುಲೈ ೨೦೧೬

ಪ್ರೀತಿಯ ಮಾರ್ನಿ,

ಬೇರೆಯಾಗಿ ಹತ್ತು ತಿಂಗಳಾದ ಮೇಲೆ ಹೀಗೆ ಕರೆಯುವ ಹಕ್ಕು ನನಗಿಲ್ಲ. ಆದರೂ ಕೈ ಅದನ್ನೇ ಬರೆಯಿತು.

ತೊಟ್ಟಿಗಳಲ್ಲಿ ಸಾಕುತ್ತಿದ್ದ ನಮ್ಮ ಸಿಂಪಿ ಮರಿಗಳೆಲ್ಲ ಸತ್ತ ಸುದ್ದಿ ನಿನಗೆ ತಲುಪಿರಬೇಕು. ಹೇಗೆ ಸತ್ತವೆಂದು ಕೇಳು. ಜೂನ್ ಕೊನೆಗೆ ನಾಲ್ಕು ದಿನ ಬಡಗಣ ಗಾಳಿ ಬೀಸಿತು. ಒಳ್ಳೆಯ ಬಿಸಿಲು, ತಿಳಿನೀರು. ಕಟ್ಟೆಯ ಕೆಳಗೆ ನೀನು ಇಳಿಸಿದ್ದ ಸೆನ್ಸರ್ ಮಾತ್ರ ನೀರು ಹುಳಿಯಾಗಿದೆಯೆಂದು ಗಂಟೆ ಬಾರಿಸುತ್ತಲೇ ಇತ್ತು. "ಈ ಗಾಳಿ ಎದ್ರೆ ಕಡಲ ತಳದ ಹುಳಿನೀರು ಮೇಲಕ್ಕೆ ಬರುತ್ತೆ ಅಂತ ಮಾರ್ನಿ ಹೇಳಿದ್ರಲ್ಲ, ತೊಟ್ಟಿಗೆ ನೀರು ಬಿಡೋದು ಎರಡು ದಿನ ತಡೀರಿ" ಎಂದ ಮೇಸ್ತ್ರಿ ಓರ್ವಿಲ್. "ಅವಳು ಹೋದ್ಮೇಲೂ ಅವಳ ಯಂತ್ರ ನಂಗೆ ಬುದ್ಧಿ ಹೇಳ್ಬೇಕೇನೋ?" ಎಂದು ಗಂಟೆಯ ತಂತಿ ಕಿತ್ತು, ತೊಟ್ಟಿಗಳಿಗೆ ಕೊಲ್ಲಿಯ ನೀರು ಬಿಟ್ಟೆ. ಮೂರನೆಯ ಬೆಳಿಗ್ಗೆ ಮರಿಗಳು ಚಿಪ್ಪು ಕಟ್ಟಲಾರದೆ ತಳದಲ್ಲಿ ನುಚ್ಚಿನಂತೆ ಬಿದ್ದಿದ್ದವು.

ಆಮೇಲೆ ಮಾಡಿದ್ದು ಅದಕ್ಕಿಂತ ಕೀಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕಳೆದ ಗುರುವಾರ ಬೆಳೆಗಾರರ ಸಭೆಯಲ್ಲಿ, ನೀರು ಸರಿಯಾಗಿಯೇ ಇತ್ತು, ಮರಿಗಳು ರೋಗದಿಂದ ಸತ್ತವು, ಮಾರ್ನಿಯ ಸೆನ್ಸರ್ ಸುಳ್ಳು ಹೇಳುತ್ತದೆ ಎಂದುಬಿಟ್ಟೆ. ಬರುವ ಶನಿವಾರ ಐದು ಜನ ಬೆಳೆಗಾರರು ತಮ್ಮ ಕೊಲ್ಲಿಗಳಿಂದ ನಿನ್ನ ಸೆನ್ಸರುಗಳನ್ನು ಕಿತ್ತುಹಾಕಲಿದ್ದಾರೆ. ನಿನ್ನ ಹನ್ನೆರಡು ವರ್ಷದ ಕೆಲಸ ಅದು.

ಪ್ರತಿ ಸೋಮವಾರ ಸೆನ್ಸರಿನ ಪಕ್ಕದಿಂದಲೇ ಒಂದು ಸೀಸೆ ನೀರು ತುಂಬಿ, ನೀರು ಕೆಡದಂತೆ ಒಂದು ಹನಿ ವಿಷ ಹಾಕಿ, ಮುಚ್ಚಿ, ಪರೀಕ್ಷೆಗೆ ಕಳಿಸುತ್ತಿದ್ದೆಯಲ್ಲ. ಅದು ನಿಂತಿತೆಂದುಕೊಂಡಿದ್ದೆ. ಓರ್ವಿಲ್ ಒಂದು ವಾರವೂ ತಪ್ಪಿಸಿಲ್ಲ! "ನೀವು ಬೇಡ ಅಂದಿರ್ಲಿಲ್ವಲ್ಲ" ಅಂದ. ಗಾಳಿಯ ದಿನದ ಸೀಸೆಯ ಫಲಿತಾಂಶ ನಿನ್ನೆ ಬಂತು. ಸೆನ್ಸರ್ ಹೇಳಿದ್ದೂ ಸೀಸೆ ಹೇಳಿದ್ದೂ ಒಂದೇ. ಅದು ಸುಳ್ಳು ಹೇಳಿರಲಿಲ್ಲ, ಮಾರ್ನಿ. ನಾಚಿಕೆಯಾಗುತ್ತಿದೆ.

ಈ ಪತ್ರದ ನಕಲು ಐವರು ಬೆಳೆಗಾರರಿಗೂ ಹೋಗುತ್ತಿದೆ. ಕ್ಷಮಿಸೆಂದು ಕೇಳುವ ಮುಖ ನನಗಿಲ್ಲ.

ಇಂತಿ,
ಕ್ಲೈಡ್

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಫಲಿತಾಂಶ ಬಂದದ್ದು ನಿನ್ನೆಯಲ್ಲ, ಸಭೆಯ ಹಿಂದಿನ ದಿನ. ಲಕೋಟೆಯ ಮೇಲೆ ನಿನ್ನ ಹೆಸರಿತ್ತು, ಒಡೆದು ಓದಿದೆ. ಸಭೆಯಲ್ಲಿ ಮಾತಾಡುವಾಗ ಅದು ನನ್ನ ಜೇಬಿನಲ್ಲೇ ಇತ್ತು. ಅಂಟಿಸಿದ್ದ ಐದು ನಕಲುಗಳನ್ನೂ ಬಿಚ್ಚಿ ಈ ಸಾಲುಗಳನ್ನು ಸೇರಿಸಿದ್ದೇನೆ.