ರಾಜನ ಪೈನ್ ಮರದ ಮೇಜು

ನ್ಯೂ ಹ್ಯಾಂಪ್‌ಶೈರ್
೧೪ ನವೆಂಬರ್ ೧೭೭೧, ಗುರುವಾರ

ಮಗನೇ ಏಸಾ,

ಕೆಮ್ಮು ಹೇಗಿದೆ? ಕಾಡಿನ ಆ ಗುಡಿಸಲಲ್ಲಿ ಒದ್ದೆ ಕಾಲುಚೀಲ ಹಾಕಿಕೊಂಡೇ ಮಲಗುತ್ತೀಯೆಂದು ನನಗೆ ಗೊತ್ತು. ಗಾಡಿಯವನ ಕೈಯಲ್ಲಿ ಎರಡು ಜೊತೆ ಕಳಿಸಿದ್ದೇನೆ, ಹಾಕಿಕೋ, ಜಂಬ ಬೇಡ. ನಿನ್ನಪ್ಪನ ಸೊಂಟನೋವು ಹಾಗೇ ಇದೆ, ಬೈಗುಳವೂ ಹಾಗೇ ಇದೆ. ಚಹಾಕ್ಕೆ ಸುಂಕ ಬಿದ್ದ ಮೇಲೆ ರಾಸ್ಪ್‌ಬೆರಿ ಎಲೆ ಕುದಿಸಿ ಕುಡಿಯುತ್ತಿದ್ದೇವಲ್ಲ, ಗುಟುಕಿಗೊಮ್ಮೆ ಪಾರ್ಲಿಮೆಂಟಿಗೆ ಶಾಪ ಹಾಕುತ್ತಾರೆ.

ಮೊನ್ನೆ ನಿನ್ನ ಸೋದರಮಾವ ಎಲಿಫಲೆಟ್ ಊಟಕ್ಕೆ ಬಂದಿದ್ದ. ರಾಜನ ಮರಗಳ ಕಾವಲಿನ ಕೆಲಸ ಹಿಡಿದ ಮೇಲೆ ಅವನು ನಮ್ಮ ಹೊಸ್ತಿಲು ತುಳಿದದ್ದು ಇದೇ ಮೊದಲು. ರಾಜನ ಹಡಗಿನ ಕಂಬಕ್ಕೆಂದು ಬಾಣದ ಗುರುತು ಹಾಕಿದ್ದ ಪೈನ್ ಮರವನ್ನು ನೀನು ಕಡಿದೆಯಲ್ಲ, ಅದರ ಹಲಗೆಯೇ ನಮ್ಮ ಊಟದ ಮೇಜಲ್ಲವೇ! ರಾಜನ ಗುರುತಿನ ಮರವಲ್ಲದೆ ಅಷ್ಟಗಲದ ಒಂದೇ ಹಲಗೆ ಇನ್ನೆಲ್ಲಿಂದ ಬರಬೇಕು? ನನ್ನ ಮದುವೆಯ ಮೇಜುಬಟ್ಟೆಯನ್ನು ನೆಲ ಮುಟ್ಟುವಂತೆ ಹಾಸಿದೆ. ನಿನ್ನಪ್ಪ ಸುಮ್ಮನಿರಬೇಕಲ್ಲ! "ನಮ್ಮಪ್ಪ ಕಲ್ಲು ಕಿತ್ತು ಹಸನು ಮಾಡಿದ ನೆಲ ಕಣೋ ಇದು. ಇಲ್ಲಿ ಬೆಳೆದ ಮರಕ್ಕೆ ನಿನ್ನ ರಾಜ ಒಂದು ಚೊಂಬು ನೀರು ಹಾಕಿದ್ನೇನೋ?" ಎಂದು ಶುರುಮಾಡಿದರು. "ಸಂಬಳ ಕೊಡೋನು ಅವನು, ಬೈಯೋರು ನೀವು. ಮಧ್ಯೆ ನನ್ನ ಊಟ ಆರ್ತಿದೆ ಭಾವ" ಎಂದ ಅವನು. ಉಣ್ಣುತ್ತಲೇ ಮೇಜಿನ ಮೇಲೆ ಅಂಗೈಯನ್ನು ಆ ಅಂಚಿನಿಂದ ಈ ಅಂಚಿಗೆ ಸವರಿದ. ಹಲಗೆ ಕೂಡಿಸಿದ ಸಂದು ಎಲ್ಲೂ ಸಿಗಲಿಲ್ಲ. "ಅಕ್ಕ, ಬಟ್ಟೆ ತೆಗೀಬೇಡ. ತೆಗೆದ್ರೆ ನಾನು ನೋಡ್ಬೇಕಾಗುತ್ತೆ" ಎಂದು ಇನ್ನಷ್ಟು ಬಡಿಸಿಕೊಂಡ.

"ಆ ಕತ್ತೆ ಚೆನ್ನಾಗಿದ್ದಾನಾ?" ಎಂದು ನಿನ್ನ ಬಗ್ಗೆ ಕೇಳಿದ. ಹಿಡಿಯಲು ಬಂದ ಇನ್ನೊಬ್ಬ ಕಾವಲಿನವನನ್ನು ನೀನು ಹೊಳೆಗೆ ತಳ್ಳಿದ್ದು ನೆನೆದು ನಕ್ಕ. ಸಿಕ್ಕಿಬಿದ್ದರೆ ನಿನಗೆ ಜೈಲು ತಪ್ಪಿದ್ದಲ್ಲ. ನಿನ್ನಪ್ಪ ಅವನನ್ನು ರಾಜನ ನಾಯಿ ಎನ್ನುತ್ತಾರೆ. ನಾನು ಎತ್ತಿ ಆಡಿಸಿದ ತಮ್ಮ, ಹಾಗನ್ನಲು ನನಗೆ ನಾಲಿಗೆ ಏಳುವುದಿಲ್ಲ. ನಿನ್ನನ್ನು ನೋಡದೆ ನನಗೆ ಊಟವೂ ರುಚಿಸುತ್ತಿಲ್ಲ ಕಂದಾ.

ದೇವರು ನಿನ್ನ ಬೆನ್ನಿಗಿರಲಿ.

ನಿನ್ನ ಅಮ್ಮ,
ಮೆಹಿಟಬಲ್

ಇನ್ನೊಂದು ಮಾತು, ಗಾಡಿಯವನು ಅವಸರ ಮಾಡುತ್ತಿದ್ದಾನೆ. ಸೋಮವಾರ ಬರುತ್ತೇನೆಂದು ಹೇಳಿಕಳಿಸಿದ್ದೆಯಲ್ಲ, ಗಿರಣಿಯ ದಾರಿ ಹಿಡಿಯಬೇಡ. ಎಲಿಫಲೆಟ್ ಹೊರಡುವಾಗ ಕುದುರೆಗೆ ಜೀನು ಬಿಗಿಯುತ್ತಾ ನನ್ನ ಮುಖ ನೋಡದೆ ಹೇಳಿದ: "ಸೋಮವಾರದ ಸುದ್ದಿ ನಮ್ಮೋರಿಗೆ ಮುಟ್ಟಿದೆ ಅಕ್ಕ. ಗಿರಣಿ ಹತ್ರ ನಾನೇ ಇರ್ತೀನಿ, ಕಣ್ಣಿಗೆ ಬಿದ್ರೆ ಹಿಡೀಲೇಬೇಕು. ಹೊಳೆ ಕಡೆಗೆ ಯಾರನ್ನೂ ಹಾಕಿಲ್ಲ." ಹೊಳೆ ದಾಟಿ ಹಿತ್ತಲಿಂದ ಬಾ. ಓದಿದ್ದೇ ಇದನ್ನು ಸುಟ್ಟುಬಿಡು. ಅಪ್ಪನಿಗೆ ನಾನು ಹೇಳಿಲ್ಲ, ನೀನೂ ಹೇಳಬೇಡ. ನಿನ್ನ ಮಾವನೇ ಕೈಹಿಡಿದು ಕೇಳಿಕೊಂಡ: "ಭಾವ ನನ್ನ ಬೈತಾನೇ ಇರ್ಲಿ ಅಕ್ಕ. ಅವರು ಹೊಗಳೋಕೆ ಶುರುಮಾಡಿದ ದಿನ ಜೈಲಿಗೆ ಹೋಗೋನು ನಾನು."